ಮುಂಬಾಗಿಲಿನ ಬೀಗ

ಮೂರು ವರ್ಷದಿಂದ ಬಂಗಾರಮ್ಮ ತನ್ನ ಮನೆಗೇ ಹಿತ್ತಲ ಬಾಗಿಲಿನಿಂದ ಕಳ್ಳಿಯ ಹಾಗೆ ಹೋಗಿ ಬರುತ್ತಿದ್ದಳು. ಭದ್ರಾವತಿಯ ಕಾರ್ಖಾನೆ ಮುಚ್ಚಿದ ಮೇಲೆ ಕ್ವಾರ್ಟರ್ಸಿನಲ್ಲಿ ಉಳಿದುಕೊಂಡವರೆಲ್ಲರ ಉಪಾಯವೂ ಅದೇ: ಮುಂಬಾಗಿಲಿಗೆ ಹೊರಗಿನಿಂದ ಬೀಗ, ಸಂಸಾರವೆಲ್ಲ ಹಿತ್ತಲ ಕಡೆ. ಖಾಲಿ ಮಾಡಿಸಲು ಕಾರ್ಖಾನೆಯ ಜೀಪಿನಲ್ಲಿ ಬಂದವರು ಬೀಗ ನೋಡಿ ವಾಪಸ್ ಹೋಗಬೇಕು. ಬಾಗಿಲಿಗೆ ಯಾರು ಏನು ಅಂಟಿಸಿದರೂ ಕೀಳಬಾರದು. ಕಿತ್ತರೆ ಒಳಗೆ ಜನ ಇದ್ದಾರೆಂದು ಗೊತ್ತಾಗಿಬಿಡುತ್ತದೆ. ಗಂಡ ಮೂವತ್ತು ವರ್ಷ ದುಡಿದು ಸತ್ತ ಜಾಗದಲ್ಲಿ ಎಪ್ಪತ್ತೆರಡರ ಹೆಂಗಸು ಒಗ್ಗರಣೆಯ ಸದ್ದಿಗೂ ಹೆದರಿ ಬದುಕಬೇಕು. ಇದಕ್ಕೆ ಏನನ್ನಬೇಕೋ!

ಓಟಿನ ದಿನ ಮಾತ್ರ ಅವಳು ಯಾರಿಗೂ ಹೆದರುವವಳಲ್ಲ. ಆ ಹಟ ಅವಳ ಅವ್ವನದು. ಹೊಳೆಹೊನ್ನೂರಿನ ಕಡೆ ಕಂಡವರ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಅವ್ವ ದೇಶದ ಮೊದಲ ಚುನಾವಣೆಯಲ್ಲೇ ಓಟು ಹಾಕಿದ್ದಳು. "ಧಣೇರ ಹೆಂಡ್ತಿ ನನ್ನ ಹಿಂದೆ ನಿಂತಿದ್ರು ಕಣೇ. ಮುಂದೆ ಹೋಗ್ಲಿ ಅಂತ ಜಾಗ ಬಿಟ್ರೆ, ನೀನೇ ಮೊದ್ಲು ಬಾಮ್ಮ ಅಂದ್ರು ಆಫೀಸರು," ಎಂದು ಸಾಯುವ ತನಕ ಹೇಳುತ್ತಿದ್ದಳು. ಮಗಳು ಒಂದು ಚುನಾವಣೆಯನ್ನೂ ತಪ್ಪಿಸಿರಲಿಲ್ಲ.

ಈ ಸಲವೂ ಒಗೆದ ಸೀರೆ ಉಟ್ಟು, ಹಿತ್ತಲ ಗೋಡೆಯಾಚೆ, ಕ್ವಾರ್ಟರ್ಸಿನ ಹೊರಗಿದ್ದ ರೋಶನ್ ಬೀಯನ್ನು ಕರೆದುಕೊಂಡು ಬೆಳಗ್ಗೆಯೇ ಹೋಗಿ ಸಾಲಿನಲ್ಲಿ ನಿಂತಳು. ಮತಗಟ್ಟೆಯ ಹೊರಗೆ ಮತದಾರರ ಪಟ್ಟಿ ಹಿಡಿದು ಕೂತಿದ್ದ ಜ್ಞಾನೇಶ್ ಮೇಷ್ಟ್ರು ಮೂರು ಸಲ ಹುಡುಕಿದರು.

"ಹೆಸರು ತೆಗ್ದುಬಿಟ್ಟಿದ್ದಾರಮ್ಮ. ಮನೆ ಬಿಟ್ಟು ಹೋಗಿದ್ದಾರೆ ಅಂತ."

"ಕಾರ್ಡ್ ಇದೆಯಲ್ಲ ಮೇಷ್ಟ್ರೇ!"

"ಕಾರ್ಡ್ ಇದ್ರೆ ಸಾಲ್ದು, ಪಟ್ಟೀಲಿ ಹೆಸ್ರಿರ್ಬೇಕು. ವಿಚಾರಿಸೋಕೆ ನಾನೇ ಎರಡು ಸಲ ಬಂದಿದ್ದೆ. ಬೀಗ ಇತ್ತು. ಯಾರೂ ಇಲ್ಲ ಅಂದ್ರು ಹಿಂದಿನ್ ಮನೇವ್ರು. ಬಾಗಿಲಿಗೆ ನೋಟಿಸ್ ಅಂಟಿಸಿದ್ದೆ, ಅದಕ್ಕೂ ಯಾರೂ ಬರ್ಲಿಲ್ಲ."

ಬಂಗಾರಮ್ಮನಿಗೆ ಆ ಮಧ್ಯಾಹ್ನ ನೆನಪಾಯಿತು. ಬಾಗಿಲು ತಟ್ಟಿದ ಸದ್ದಿಗೆ ಒಲೆ ಆರಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಕೂತಿದ್ದಳು. ಖಾಲಿ ಮಾಡಿಸುವವರೇ ಎಂದುಕೊಂಡಿದ್ದಳು.

ರೋಶನ್ ಬೀ ಅಳತೊಡಗಿದಳು. "ಅಕ್ಕಾ, ಯಾರೂ ಇಲ್ಲ ಅಂತ ನಾನೇ ಹೇಳಿದ್ದು."

"ನೀನೇನ್ ಮಾಡ್ತೀಯ ಮಾರಾಯ್ತಿ. ಹೇಳ್ಸಿದ್ದು ನಾನು."

ಈ ಸಲ ಏನೂ ಮಾಡುವಂತಿಲ್ಲ, ಮುಂದಿನ ಚುನಾವಣೆಗೆ ಹೆಸರು ಸೇರಿಸಲು ಅರ್ಜಿ ಕೊಡಿ ಎಂದು ಮೇಷ್ಟ್ರು ಒಂದು ಫಾರಂ ಕೊಟ್ಟರು. ಬಂಗಾರಮ್ಮ ಸಾಲಿನಿಂದ ಹೊರಗೆ ಬಂದಳು. ಹಿಂದಿದ್ದವರು ಅವಳ ಜಾಗಕ್ಕೆ ಸರಿದರು. ಅವ್ವನ ನೆನಪಾಯಿತು.

ಮನೆಗೆ ಬಂದು ರೋಶನ್ ಬೀ ಫಾರಂ ತುಂಬಿದಳು. ವಿಳಾಸದ ಹತ್ತಿರ ಪೆನ್ನು ನಿಂತಿತು. "ಇಲ್ಲಿ ಈ ಮನೆ ನಂಬರ್ ಬರೆದ್ರೆ ಖಾಲಿ ಮಾಡ್ಸೋರಿಗೆ ಗೊತ್ತಾಗುತ್ತೆ ಅಕ್ಕಾ. ನಮ್ಮನೇದು ಹಾಕ್ಲಾ?"

"ಬೇಡ. ಇದೇ ಮನೇಲಿದೀನಿ ಅಂತ ಬರಿ."

"ಹೊರಗೆ ಹಾಕ್ತಾರೆ!"

"ಹಾಕ್ಲಿ. ಇಲ್ದೇ ಇರೋಳನ್ನ ಹ್ಯಾಗ್ ಹಾಕ್ತಾರೆ? ಇದೀನಿ ಅಂತ ಒಪ್ಕೊಂಡೇ ಹಾಕ್ಲಿ."

ಮುಂಬಾಗಿಲಿಗೆ ಹೋಗಿ ಮೂರು ವರ್ಷದ ಕಾಗದಗಳನ್ನೆಲ್ಲ ಕಿತ್ತಳು. ಬೀಗ ತೆಗೆದು ಹೊಸ್ತಿಲ ಮೇಲೆ ಕೂತಳು. ಬೆರಳಿಗೆ ಶಾಯಿ ಹಾಕಿಸಿಕೊಂಡವರು ಮಾತಾಡುತ್ತಾ ಬೀದಿಯಲ್ಲಿ ಬರುತ್ತಿದ್ದರು. ಆಚೆ ತಿರುವಿನಲ್ಲಿ ಜೀಪಿನ ಸದ್ದು ಕೇಳಿಸಿತು. ಆದರೂ ಅವಳು ಒಳಗೆ ಹೋಗಲಿಲ್ಲ.