ವಾರ್ನಿಶ್ ಒಣಗುವ ಮುಂಚೆ

ನಮ್ಮ ಮನೆಯಲ್ಲಿ ಕೂರುವ, ಮಲಗುವ, ಒರಗುವ ಸಾಮಾನೆಲ್ಲ ನನ್ನ ಹೆಂಡತಿಯ ಅಕ್ಕ ಕೊಟ್ಟಿದ್ದು. ಅವರು ಹೊಸದು ಕೊಂಡಾಗಲೆಲ್ಲ ಹಳೆಯದು ನಮ್ಮ ಮೆಟ್ಟಿಲು ಹತ್ತುತ್ತದೆ. ಹಿಂದೆಯೇ ಅವರೂ ಹತ್ತುತ್ತಾರೆ. ಮಂಚದ ಕಾಲು ಅಲ್ಲಾಡಿಸಿ ನೋಡಿ, ಕಪಾಟಿನೊಳಗಿನ ಬಟ್ಟೆ ಮಡಿಚಿಟ್ಟು, ಸೀದಾ ಅಡುಗೆಮನೆಗೆ ನುಗ್ಗಿ ಒಲೆ ಹಚ್ಚುತ್ತಾರೆ. ನನ್ನ ಹೆಂಡತಿ ತನ್ನದೇ ಮನೆಯಲ್ಲಿ ನೆಂಟಳಂತೆ ಬಾಗಿಲಿಗೆ ಒರಗಿ ನಿಂತಿರುತ್ತಾಳೆ.

"ಈ ಸಲ ಅಕ್ಕನ್ನ ಕೂರ್ಸಿ ನಾನೇ ಚಹಾ ಕೊಡ್ಬೇಕು, ನಮ್ದೇ ಕುರ್ಚೀಲಿ," ಎಂದಳು. ಅವಳು ನನ್ನನ್ನು ಏನೂ ಕೇಳುವವಳಲ್ಲ. ಕೇಳಿ ಪ್ರಯೋಜನವಿಲ್ಲವೆಂದು ಮದುವೆಯಾದ ಹೊಸತರಲ್ಲೇ ಕಂಡುಕೊಂಡಿದ್ದಳು. ಹಾಗಾಗಿ ನನಗೆ ಗಾಬರಿಯಾಯಿತು.

ಹಳೆ ಸಾಮಾನಿನ ಅಂಗಡಿಯಲ್ಲಿ ಎರಡು ಕುರ್ಚಿ ಸಿಕ್ಕವು.

"ತೇಗಾನಾ ಇದು?"

"ಕುರ್ಚಿ ಅನ್ನೋದಂತೂ ಗ್ಯಾರಂಟಿ," ಎಂದ ಅಂಗಡಿಯವನು.

ಮರಳುಕಾಗದ ತಂದು ಉಜ್ಜಿದೆ. ಉಜ್ಜಿದ್ದು ಸಾಲದೇನೋ ಎಂಬ ಅನುಮಾನಕ್ಕೆ ಮತ್ತೆ ಉಜ್ಜಿದೆ. ಮನೆಯಲ್ಲಿ ಎಲ್ಲರೂ ಸೀನಿದರು. ವಾರ್ನಿಶ್ ಮಾತ್ರ ಯಾರೋ ಅರ್ಧ ಬಳಸಿ ಬಿಟ್ಟ ಡಬ್ಬ, ಅಗ್ಗಕ್ಕೆ ಸಿಕ್ಕಿತ್ತು. ಕೆನೆಗಟ್ಟಿದ್ದನ್ನು ತೆಗೆದು, ಸೋಸಿ, ತೆಳ್ಳಗೆ ಬಳಿದೆ. ಚೆನ್ನಾಗಿಯೇ ಒಣಗಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

ಅಕ್ಕ ಬರುವ ದಿನ ಬೆಳಿಗ್ಗೆ ಒಂದು ಕುರ್ಚಿಯ ಮೇಲೆ ಬ್ರಷ್ಷಿನ ಕೂದಲೊಂದು ಅಂಟಿಕೊಂಡಿದ್ದು ಕಂಡಿತು. ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಅದನ್ನು ಕೆರೆದು ತೆಗೆದೆ. ಕೆರೆದದ್ದು ಕಾಣಬಾರದೆಂದು ಅಲ್ಲಿಗಿಷ್ಟು ವಾರ್ನಿಶ್ ಹಚ್ಚಿದೆ. ಅಲ್ಲಿ ಮಾತ್ರ ಹೊಳೆಯಿತೆಂದು ಇಡೀ ಕುರ್ಚಿಗೆ ಬಳಿದೆ. ಒಂದಕ್ಕೆ ಬಳಿದು ಇನ್ನೊಂದನ್ನು ಬಿಟ್ಟರೆ ಅನ್ಯಾಯವಲ್ಲವೇ? ಅದಕ್ಕೂ ಬಳಿದೆ.

ಮಧ್ಯಾಹ್ನ ಬೆರಳಿಟ್ಟು ನೋಡಿದರೆ ಬೆರಳಿನ ಗುರುತು ಅಲ್ಲೇ ಉಳಿಯಿತು. ಹೆಂಡತಿಗೆ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

"ಬಾ ಅಕ್ಕ, ಕೂತ್ಕೋ. ಇವರೇ ಮಾಡಿದ್ದು," ಎಂದಳು ಹೆಂಡತಿ. ಅವಳ ದನಿಯಲ್ಲಿದ್ದ ಹೆಮ್ಮೆ ನಾನು ಎಂದೂ ಕೇಳಿರದಂಥದ್ದು.

"ಅಕ್ಕಾ, ಮಂಚದ ಮೇಲೆ ಆರಾಮಾಗಿ..." ಎಂದೆ.

"ಯಾಕೆ, ನಾನು ಕೂತ್ರೆ ಮುರಿಯುತ್ತಾ?" ಎಂದು ಅವರು ಕುರ್ಚಿಯಲ್ಲೇ ಭದ್ರವಾಗಿ ಕುಳಿತರು. ನಾನು ಹಿಂದೆ ಹೋಗಿ ಕುರ್ಚಿಯ ಬೆನ್ನು ಹಿಡಿದು ನಿಂತೆ. ಹಿಡಿದು ಏನು ಸಾಧಿಸುವವನಿದ್ದೆನೋ!

ಮಾತು ಸ್ವಲ್ಪ ಹೊತ್ತು ನಡೆಯಿತು. "ಸರಿ, ಚಹಾ ಇಡ್ತೀನಿ," ಎಂದು ಅಕ್ಕ ಎದ್ದರು. ಕುರ್ಚಿಯೂ ಎದ್ದಿತು.

"ವಾರ್ನಿಶ್... ಇನ್ನೂ ಸ್ವಲ್ಪ ಹಸಿ," ಎಂದೆ.

ಹೆಂಡತಿ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಅಷ್ಟರಲ್ಲಿ ಅವಳು ಅಕ್ಕನ ಭುಜ ಹಿಡಿದು ಮೆಲ್ಲಗೆ ಕೆಳಗೊತ್ತಿದಳು.

"ಏಳ್ಬೇಡ. ಬಟ್ಟೆ ಹರಿಯುತ್ತೆ. ಚಹಾ ನಾನು ಇಡ್ತೀನಿ."

"ಶುಂಠಿ ಜಜ್ಜಿ ಹಾಕೇ! ಪುಡಿ ಜಾಸ್ತಿ ಸುರೀಬೇಡ!" ಅಕ್ಕ ಕೂತಲ್ಲಿಂದಲೇ ಕೂಗಿದರು.

"ನಮ್ಮನೇಲಿ ಶುಂಠಿ ಹಾಕಲ್ಲ ಅಕ್ಕ," ಎಂದಿತು ಅಡುಗೆಮನೆ.

ಅಕ್ಕ ಮೊದಲ ಬಾರಿಗೆ ನಮ್ಮ ಮನೆಯ ಚಹಾ ಕುಡಿದರು. ಕೊನೆಯ ಗುಟುಕನ್ನೂ ಬಿಡಲಿಲ್ಲ. ಆಮೇಲೆ "ಪರವಾಗಿಲ್ಲ ಕಣೇ," ಎಂದರು.

ಹೆಂಡತಿ ಅವರನ್ನು ಹುಷಾರಾಗಿ ಬಿಡಿಸಿ ಒಳಗೆ ಕರೆದೊಯ್ದು, ತನ್ನ ಬಟ್ಟೆ ಕೊಟ್ಟಳು. ಅಕ್ಕ ಅದರ ಗಿಡ್ಡ ತೋಳನ್ನು ಎಳೆದುಕೊಳ್ಳುತ್ತಾ ಹೊರಬಂದು, "ಒಗೆದು ಕಳಿಸ್ತೀನಿ," ಎಂದರು.

"ಇಟ್ಕೋ ಅಕ್ಕ. ನಿಂಗೆ ಒಪ್ಪುತ್ತೆ."

ಅದು ಅವಳ ಬಳಿಯಿದ್ದ ಒಳ್ಳೆಯ ಬಟ್ಟೆ. ಅವಳು ಅಕ್ಕನನ್ನು ಕೆಳಗಿನವರೆಗೂ ಬಿಟ್ಟುಬರಲು ಹೋದಳು. ಮರ್ಯಾದೆಗೆ ನಾನೂ ಹೋಗಬೇಕಿತ್ತು. ಆದರೆ ನನ್ನ ಎರಡೂ ಅಂಗೈ ಕುರ್ಚಿಯ ಬೆನ್ನಿಗೆ ಅಂಟಿಕೊಂಡಿದ್ದವು.