ಜನಾಬಾಯಿಯ ಇನ್ನೊಂದು ರೊಟ್ಟಿ

ತಾಂಡೂರಿನಲ್ಲಿ ಜನಾಬಾಯಿಯ ಖಾನಾವಳಿಗೆ ಹೋದವರು ‘ಸಾಕು’ ಅಂದರೆ ಸಾಕಾಗುವುದಿಲ್ಲ. ಎರಡೂ ಕೈ ಅಡ್ಡ ಹಿಡಿದು, ಮೈ ಬಗ್ಗಿಸಿ ತಾಟು ಮುಚ್ಚಿಕೊಳ್ಳಬೇಕು. ಆಗಲೂ ಆಕೆ ಬೆರಳ ಸಂದಿಯಲ್ಲಿ ಅರ್ಧ ರೊಟ್ಟಿ ತುರುಕಿಯೇ ಮುಂದೆ ಹೋಗುತ್ತಾಳೆ. ತೊಗರಿ ಮಾರಲು ಯಾಲಾಲ್ ಕಡೆಯಿಂದ ಬರುತ್ತಿದ್ದ ನಮಗೆಲ್ಲ ಇದು ಗೊತ್ತಿತ್ತು.

ಈಗಿನ ರೈತರು ಬೈಕಿನಲ್ಲಿ ಬಂದು ಊಟಕ್ಕೆ ಮನೆಗೇ ಹೋಗುತ್ತಾರೆ. ನನ್ನಂಥ ನಾಲ್ಕೈದು ಮುದುಕರು ಉಳಿದಿದ್ದೇವೆ. ಮಿಕ್ಕ ಜಾಗದಲ್ಲೆಲ್ಲ ಕಲ್ಲು ಪಾಲಿಶ್ ಮಾಡುವ ಒಡಿಶಾದವರು. ಉಣ್ಣುವವರೇನೋ ಹೆಚ್ಚಿದರು, ಆದರೆ ರೊಟ್ಟಿ ಬಡಿಯುತ್ತಿದ್ದ ಹೆಂಗಸರಿಗೆ ವಯಸ್ಸಾಯಿತು, ಅವರ ಸೊಸೆಯರು ಬಟ್ಟೆ ಅಂಗಡಿಯ ಫ್ಯಾನಿನ ಕೆಳಗೆ ಕೆಲಸಕ್ಕೆ ಸೇರಿಕೊಂಡರು. ಒಲೆಯ ಮುಂದೆ ಉಳಿದವಳು ಮೋನಮ್ಮ ಒಬ್ಬಳೇ.

ಒಡಿಶಾದವರ ಮೇಸ್ತ್ರಿ ಪ್ರಫುಲ್ಲ ‘ಬಸ್, ಬಸ್’ ಅನ್ನುತ್ತಿದ್ದ. ಜನಾಬಾಯಿ ಹಾಕುತ್ತಿದ್ದಳು. ತಾಟಿಗೆ ಬಿದ್ದದ್ದನ್ನು ಬಿಡಬಾರದೆಂದು ಅವನು ತಿನ್ನುತ್ತಿದ್ದ. ತಾಟು ಖಾಲಿ ಕಂಡಿತೋ, ಆಕೆ ಮತ್ತೆ ಹಾಕುತ್ತಿದ್ದಳು.

“ನೋಡ್ರಿ ಈಶಪ್ಪ ಕಾಕಾ, ಹ್ಯಾಂಗ ಉಣ್ತಾರ! ನಿಮ್ಮಂಗ ನಖರಾ ಇಲ್ಲ,” ಅಂದಳು ನನಗೆ.

ಒಳಗಿನಿಂದ ಮೋನಮ್ಮನ ದನಿ ಬಂತು: “ಅವರು ಉಣ್ತಾರ, ನನ್ನ ರಟ್ಟಿ ಹೋಗ್ತಾವ. ಹಿಂಗಽ ನಡದ್ರ ಸೋಮವಾರ ನಾ ಪೆದ್ದೆಮುಲ್ಲಿಗಿ, ತಂಗಿ ಮನಿಗಿ ಹೋಗ್ತೀನಿ. ನೀನಽ ಬಡ್ಕೊ!”

ಜನಾಬಾಯಿಯ ಮುಖ ಸಣ್ಣದಾಯಿತು. ಮೋನಮ್ಮ ಹೋದರೆ ಖಾನಾವಳಿಗೆ ಬೀಗವೇ. ಅದು ಬರೀ ಬೆದರಿಕೆಯೂ ಅಲ್ಲ. ಆಕೆ ಸೀರೆ ಮಡಚಿ ಚೀಲಕ್ಕೆ ತುಂಬಿದ್ದನ್ನು ನಾನೇ ಕಂಡಿದ್ದೆ.

ಮರುದಿನ ಊಟವಾದ ಮೇಲೆ ಪ್ರಫುಲ್ಲ ನಲ್ಲಿಯ ಹತ್ತಿರ ಹೊಟ್ಟೆ ಹಿಡಿದು ನಿಂತಿದ್ದ. ನನಗೆ ಬರುವಷ್ಟು ಹಿಂದಿಯಲ್ಲಿ ಏನಾಯಿತೆಂದು ಕೇಳಿದೆ. ಅಮ್ಮ ಅಷ್ಟು ಪ್ರೀತಿಯಿಂದ ಹಾಕುವಾಗ ಬಿಡುವುದು ಹೇಗೆ, ಅಂದ. ರೊಟ್ಟಿ ಒಂದೇ ಸಾಕಂತೆ. ಕೊನೆಯಲ್ಲಿ ಶಾಸ್ತ್ರಕ್ಕೆ ಹಾಕುವ ಹಿಡಿ ಅನ್ನದ ಬದಲು ತಾಟು ತುಂಬ ಅನ್ನ ಸಿಕ್ಕರೆ ಕಲ್ಲು ಎತ್ತಲು ಬಗ್ಗಬಹುದಂತೆ. ತಾಟು ಮುಚ್ಚಿಕೊಳ್ಳುವ ನಮ್ಮ ರೀತಿ ತೋರಿಸಿದೆ. ನಕ್ಕು ನಕ್ಕು ಗೋಡೆ ಹಿಡಿದುಕೊಂಡ.

ಅದರ ಮರುದಿನ ಬೆಳಿಗ್ಗೆ ಜನಾಬಾಯಿಗೆ ಹೇಳಿದರೆ ಆಕೆ ನಗಲಿಲ್ಲ. “ಅಯ್ಯ ಶಿವನೆ! ಮಂದಿಗಿ ಉಣಿಸಿ ಉಣಿಸಿ ಕೊಲ್ಲಾಕ ಹತ್ತಿದ್ದೆನಲ್ರಿ ಕಾಕಾ!” ಅಂದವಳೇ ದೊಡ್ಡ ಪಾತೇಲಿಯಲ್ಲಿ ಅಕ್ಕಿ ಇಟ್ಟಳು.

ಆ ಮಧ್ಯಾಹ್ನ ಒಡಿಶಾದವರಿಗೆ ತಲಾ ಒಂದೇ ರೊಟ್ಟಿ ಹೋಯಿತು. ಮಿಕ್ಕದ್ದೆಲ್ಲ ಅನ್ನ, ಬೇಳೆ. ಮೋನಮ್ಮನ ಕೈ ಬೇಗನೆ ಬಿಡುವಾಯಿತು. ಖುಷಿಪಡುತ್ತಾಳೆ ಅಂದುಕೊಂಡರೆ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಕಾಕಾ, ಆ ಮಂದಿ ಒಂದಽ ತಿಂದ್ರಲ್ಲ, ಯಾಕ? ಗಟ್ಟಿ ಆಗಿದ್ವೇನು?”

“ಇಲ್ಲವ್ವಾ, ಅವರು ಅನ್ನದ ಮಂದಿ.”

“ಮತ್ತ ಇಷ್ಟು ದಿನ ತಿಂದಿದ್ದು?”

“ಮರ್ಯಾದಿಗಿ.”

“ಮರ್ಯಾದಿಗಿ? ನನ್ನ ಕೈ ರೊಟ್ಟಿ ಮರ್ಯಾದಿಗಿ ತಿಂತಾರಾ?”

ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ ಒಳಗೆ ಹೋದಳು. ಭಾನುವಾರ ಬೆಳಿಗ್ಗೆ ಮೋನಮ್ಮನಿಗೆ ತಂಗಿಯ ಫೋನು ಬಂತು. ಜನಾಬಾಯಿ ಬೇಳೆ ಆರಿಸುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

“ಬರಾಂಗಿಲ್ಲ ಬಿಡವಾ,” ಅಂದಳು ಮೋನಮ್ಮ. “ಇಲ್ಲಿ ಕೆಲಸ ಬಿದ್ದದ.”

ಫೋನಿಟ್ಟು, ತಾಟಿನಷ್ಟು ಅಗಲ ಬಡಿಯುತ್ತಿದ್ದ ರೊಟ್ಟಿಯನ್ನು ಅಂಗೈಯಗಲ ಮಾಡಿ, ಮೇಲೆ ಎಳ್ಳು ಒತ್ತಿ, ಹೆಂಚಿಗೆ ಹಾಕಿದಳು.

“ಆ ಮೇಸ್ತ್ರಿ ಇದನ್ನ ಒಂದಽ ತಿಂದು ಹ್ಯಾಂಗ ಏಳ್ತಾನ, ನೋಡೇ ಬಿಡ್ತೀನಿ.”