ಹೆಸರು ಹರಿದ ಶೀಶೆಗಳು

ಆರೋಗ್ಯ ಇಲಾಖೆಯ ಮೂರನೇ ಮಹಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಅಂದಾಜು ಮೇಡಂ ಎಂದೇ. ದೇಶದಲ್ಲಿ ಎಷ್ಟು ಜನಕ್ಕೆ ಎಚ್‌ಐವಿ ಇದೆ, ಇನ್ನೈದು ವರ್ಷಕ್ಕೆ ಎಷ್ಟಾಗುತ್ತದೆ, ಎಷ್ಟು ಔಷಧಿ ಬೇಕು ಎಂದು ಹೇಳುವುದು ಅವಳ ಕೆಲಸ. ಲೆಕ್ಕಕ್ಕೆ ಆಧಾರ ಬಸುರಿಯರ ರಕ್ತ. ಇಪ್ಪತ್ತಾರು ಆಸ್ಪತ್ರೆಗಳಲ್ಲಿ ರಕ್ತಹೀನತೆಯ ಪರೀಕ್ಷೆಗೆ ತೆಗೆದು ಮಿಕ್ಕಿದ್ದನ್ನು, ಶೀಶೆಯ ಮೇಲಿನ ಹೆಸರು ಹರಿದು, ಎಚ್‌ಐವಿಗೆ ಪರೀಕ್ಷಿಸುತ್ತಿದ್ದರು. ಯಾರ ಗುಟ್ಟೂ ರಟ್ಟಾಗಬಾರದೆಂದು ಆ ನಿಯಮ ಬರೆದವಳು ಅವಳೇ.

ಒಂದು ಮಂಗಳವಾರ ಮೂಡಣ ಬಡಾವಣೆಯ ಆಸ್ಪತ್ರೆಯ ಕಳೆದ ಮೂರು ತಿಂಗಳ ಹಾಳೆ ಬಂತು. ಮುನ್ನೂರ ಎಂಬತ್ತು ಶೀಶೆಗಳಲ್ಲಿ ನಲವತ್ತೊಂದರಲ್ಲಿ ಸೋಂಕು. ಒಂಬತ್ತರಲ್ಲೊಬ್ಬಳು ಎಂದು ಗುರುತು ಹಾಕಿಕೊಂಡವಳ ಕೈ ಹಾಗೇ ನಿಂತಿತು. ಆ ತಿಂಗಳುಗಳಲ್ಲಿ ಅವಳ ತಂಗಿ ತೋರಿಸಿಕೊಳ್ಳುತ್ತಿದ್ದುದು ಅಲ್ಲೇ.

ಲ್ಯಾಬಿಗೆ ಫೋನ್ ಮಾಡಿದಳು.

"ಹೆಸರೆಲ್ಲಿಂದ ತರ್ಲಿ ಮೇಡಂ?" ಎಂದ ಟೆಕ್ನಿಷಿಯನ್. "ಹರಿದು ಹಾಕಿ ಅಂತ ನೀವೇ ತಾನೆ ಹೇಳಿದ್ದು."

ಸಂಜೆ ತಂಗಿಯ ಮನೆಗೆ ಹೋದಳು. ಏಳು ತಿಂಗಳ ಬಸುರಿ, ಹಳೇ ಚಾದರ ಕತ್ತರಿಸಿ ಕೂಸಿಗೆ ಬಟ್ಟೆ ಹೊಲಿಯುತ್ತಿದ್ದಳು.

"ಹೆಸರು ಕೊಟ್ಟು ಎಚ್‌ಐವಿ ಪರೀಕ್ಷೆ ಮಾಡಿಸ್ಕೊ."

"ರಕ್ತ ಕೊಟ್ಟಿದೀನಲ್ಲಕ್ಕ. ಏನಾದ್ರೂ ಇದ್ದಿದ್ರೆ ಹೇಳ್ತಿರ್ಲಿಲ್ವಾ?"

ಅಕ್ಕ ಎಲ್ಲ ಬಿಡಿಸಿ ಹೇಳಬೇಕಾಯಿತು. ತಂಗಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಅಂದ್ರೆ ನಲವತ್ತೊಂದು ಜನಕ್ಕಿದೆ ಅಂತ ನಿಂಗೊತ್ತು. ಅವರಿಗೆ ಮಾತ್ರ ಗೊತ್ತಿಲ್ಲ."

"ಯಾರು ಅಂತ ನಂಗೂ ಗೊತ್ತಿಲ್ಲ ಕಣೆ."

"ಗೊತ್ತಾಗ್ದೇ ಇರೋ ಹಾಗೆ ಮಾಡಿದ್ಯಾರು?"

ತಂಗಿಯ ಪರೀಕ್ಷೆ ನೆಗೆಟಿವ್ ಬಂತು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ತಂಗಿ ಮಾತ್ರ ನಗಲಿಲ್ಲ. "ಸರದೀಲಿ ನನ್ ಪಕ್ಕ ಒಬ್ಳು ಕೂರ್ತಿದ್ಲು, ಚೊಚ್ಚಲು. ಬೆನ್ನುನೋವು ಅಂತ ನನ್ ಹೆಗಲಿಗೇ ಒರಗ್ತಿದ್ಲು. ಅವಳಿಗೆ ಯಾರು ಹೇಳ್ತಾರೆ?"

ಮರುದಿನ ಅಕ್ಕ ನಿರ್ದೇಶಕರ ಮುಂದೆ ನಿಂತಳು. ಆ ಮುನ್ನೂರ ಎಂಬತ್ತು ಜನರನ್ನೂ ಮತ್ತೆ ಕರೆಸಿ, ಹೆಸರು ಬರೆದುಕೊಂಡೇ ಪರೀಕ್ಷಿಸೋಣ ಎಂದಳು.

"ಮುಂದಿನ ವರ್ಷ ನಿಯಮ ಬದಲಿಸಿದ್ರಾಯ್ತು."

"ಅಷ್ಟರಲ್ಲಿ ಹೆರಿಗೆ ಆಗಿರುತ್ತೆ ಸಾರ್. ಈಗ ಗುಳಿಗೆ ಕೊಟ್ರೆ ಮಕ್ಕಳಾದ್ರೂ ಉಳೀತಾವೆ."

ನಿರ್ದೇಶಕರು ಕನ್ನಡಕ ಒರೆಸಿಕೊಂಡರು. "ಇಲಾಖೆಯೇ ಮುಚ್ಚಿಟ್ಟಿತ್ತು ಅಂತ ಊರೆಲ್ಲ ಗುಲ್ಲಾಗುತ್ತೆ. ನಿಮ್ಮ ಕೆಲಸ ಎಣಿಸೋದು, ಕರೆಯೋದಲ್ಲ."

ಅವಳು ಇಪ್ಪತ್ತು ದಿನ ರಜೆ ಹಾಕಿದಳು. ಆಸ್ಪತ್ರೆಯ ನರ್ಸಮ್ಮನನ್ನು ಕಾಡಿಬೇಡಿ ದಾಖಲೆ ಪುಸ್ತಕದಿಂದ ವಿಳಾಸಗಳನ್ನು ಇಳಿಸಿಕೊಂಡು, ಇಬ್ಬರೂ ಬೀದಿ ಬೀದಿ ಅಲೆದರು. ಕೆಲವರು ಬಾಗಿಲನ್ನು ಮುಖಕ್ಕೇ ಹಾಕಿದರು. ಒಬ್ಬಳ ಅತ್ತೆ, "ನಮ್ಮನೆ ಮರ್ಯಾದೆಗೆ ಮಸಿ ಬಳಿಯೋಕೆ ಬಂದ್ಯಾ," ಎಂದು ಗೇಟಿನವರೆಗೂ ಅಟ್ಟಿಸಿಕೊಂಡು ಬಂದಳು. ಕೊನೆಗೆ ಪರೀಕ್ಷೆಗೆ ಬಂದವರು ನೂರಾ ಹನ್ನೆರಡು ಮಂದಿ. ಅವರಲ್ಲಿ ಹದಿನಾಲ್ವರಿಗೆ ಸೋಂಕಿತ್ತು. ಅಂದೇ ಗುಳಿಗೆ ಶುರುವಾಯಿತು. ತಂಗಿಯ ಹೆಗಲಿಗೆ ಒರಗುತ್ತಿದ್ದವಳ ಮನೆಗೆ ಬೀಗ ಬಿದ್ದಿತ್ತು. ತವರಿಗೆ ಹೋದಳಂತೆ, ಯಾವ ಊರೋ ನೆರೆಯವರಿಗೆ ತಿಳಿಯದು.

ರಜೆ ಮುಗಿಯಿತು. ನಲವತ್ತೊಂದರಲ್ಲಿ ಪತ್ತೆಯಾಗದೆ ಉಳಿದವರು ಇಪ್ಪತ್ತೇಳು ತಾಯಂದಿರು. ಗುಳಿಗೆ ಸಿಗದಿದ್ದರೆ ಮೂರು ಕೂಸುಗಳಲ್ಲಿ ಒಂದಕ್ಕೆ ಅಂಟುತ್ತದೆ ಎಂಬುದು ಅವಳದೇ ಸೂತ್ರ. ಬರುವ ವರ್ಷದ ಮಕ್ಕಳ ಔಷಧಿಯ ಪಟ್ಟಿಯಲ್ಲಿ, ಆ ಆಸ್ಪತ್ರೆಯ ಎದುರು, ಅವಳು ಒಂಬತ್ತು ಎಂದು ತುಂಬಿದಳು. ಆಮೇಲೆ ಇನ್ನೊಂದು ಆಸ್ಪತ್ರೆಯ ಹಾಳೆ ಎಳೆದುಕೊಂಡಳು.